ಯಾವುದಕ್ಕೆ ಬೇಕು, ಸ್ವಾಮಿ?

ಅಂಗಡಿಯವರು ಕೇಳುವ ಪ್ರಶ್ನೆಗಳಲ್ಲಿ 'ಎಷ್ಟರಲ್ಲಿ ಬೇಕು?' ಎಂಬುದೇ ಕಷ್ಟದ್ದೆಂದು ಬಹುಕಾಲ ತಿಳಿದಿದ್ದೆ. ಹಾಗೇನೂ ಇಲ್ಲ. ಅದಕ್ಕೆ ಉತ್ತರ ಜೇಬಿನಲ್ಲಿಯೇ ಇರುತ್ತದೆ. ಸಂಕೋಚ ಬಿಟ್ಟು ಹೇಳಿದರಾಯಿತು. ನಿಜವಾಗಿ ಕಷ್ಟದ ಪ್ರಶ್ನೆ ಇನ್ನೊಂದಿದೆ: 'ಯಾವುದಕ್ಕೆ ಬೇಕು, ಸ್ವಾಮಿ?' ಸೀರೆಯಾದರೆ ಮದುವೆಗೆ ಎನ್ನಬಹುದು, ಕೊಳದಪ್ಪಲೆಯಾದರೆ ಅಡಿಗೆಗೆ ಎನ್ನಬಹುದು. ಆದರೆ ಕೆಲವು ಪದಾರ್ಥಗಳು ಯಾವುದಕ್ಕೆ ಬೇಕೆಂದು ಬಾಯಿಬಿಟ್ಟು ಹೇಳಲು ನಮ್ಮಂಥ ಗೃಹಸ್ಥರಿಗೆ ನಾಲಗೆಯೇ ಏಳುವುದಿಲ್ಲ. ಅರವತ್ತು ವರ್ಷ ಬದುಕಿ, ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿ, ನಿವೃತ್ತನಾಗಿ ಮನೆಯಲ್ಲಿ ಕುಳಿತ ಮೇಲೆ, 2024ರ ದಸರೆಯಲ್ಲಿ ಈ ಸಂಗತಿ ನನಗೆ ತಿಳಿಯಿತು. ತಿಳಿಸಿಕೊಟ್ಟದ್ದು ಒಂದು ಗೇಮಿಂಗ್ ಲ್ಯಾಪ್‌ಟಾಪು.

ಬೇಕೆಂದು ಕೇಳಿದವಳು ನನ್ನ ಮಗಳು. ಆಗ ಬಿ.ಕಾಂ. ಮೊದಲನೆಯ ವರ್ಷದಲ್ಲಿದ್ದಳು. ಒಂದು ಸಂಜೆ ಕಾಫಿಯ ಲೋಟವನ್ನು ನನ್ನ ಮುಂದಿಟ್ಟು, ಅದರ ಪಕ್ಕದಲ್ಲಿ ಒಂದು ಲಕೋಟೆಯನ್ನೂ ಇಟ್ಟಳು. ಲಕೋಟೆಯಲ್ಲಿ 14,000 ರೂಪಾಯಿ ಇತ್ತು. ಬೀದಿಯ ಮಕ್ಕಳಿಗೆ ಎರಡು ವರ್ಷ ಲೆಕ್ಕ ಹೇಳಿಕೊಟ್ಟು ಕೂಡಿಸಿದ ಹಣ.

"ಉಳಿದದ್ದನ್ನು ನೀನು ಹಾಕು, ಅಪ್ಪ. ಒಂದು ಗೇಮಿಂಗ್ ಲ್ಯಾಪ್‌ಟಾಪು ತರೋಣ" ಎಂದಳು.

"ಯಾವುದಕ್ಕೆ?" ಎಂದೆ. ಅಂಗಡಿಯವನ ಪ್ರಶ್ನೆಯನ್ನು ಅಂಗಡಿಯವನಿಗಿಂತ ಮೊದಲು ಕೇಳಿದವನು ನಾನೇ.

"ಆಟಕ್ಕೆ."

"ಓದಿಗೂ ಉಪಯೋಗಕ್ಕೆ ಬರುತ್ತೇನೋ?" ನಾನೇ ಅವಳಿಗೊಂದು ಹಗ್ಗ ಎಸೆದೆ.

"ಜಮಾ ಖರ್ಚು ಬರೆಯುವುದಕ್ಕೆ ಅಣ್ಣ ಬಿಟ್ಟುಹೋದ ಹಳೆಯದೇ ಸಾಕು. ಇದು ಆಟಕ್ಕೇ" ಎಂದು ಹಗ್ಗವನ್ನು ನನ್ನ ಕಡೆಗೇ ಎಸೆದಳು.

ಒಂದು ಮಾತು ಒಪ್ಪಿಕೊಳ್ಳಬೇಕು. 'ಕಾಲೇಜಿನ ಪ್ರಾಜೆಕ್ಟಿಗೆ ಬೇಕು' ಎಂದು ಅವಳು ಸುಳ್ಳು ಹೇಳಿದ್ದಿದ್ದರೆ ಆ ರಾತ್ರಿಯೇ ಹಣ ಕೊಡುತ್ತಿದ್ದೆ. ನಿಜ ಹೇಳಿದಳಾದ್ದರಿಂದ 'ನೋಡೋಣ' ಎಂದೆ.

ನಮ್ಮ ವರ್ಗದ ಮನೆಗಳಿಗೆ ಸಂತೋಷವೆಂಬುದು ಎಂದೂ ಮುಂಬಾಗಿಲಿನಿಂದ ಬಂದದ್ದಿಲ್ಲ. ಸೈಕಲ್ಲು ಬಂದದ್ದು ಸ್ಕೂಲಿಗೆ ಹೋಗಿಬರಲು. ಟ್ರಾನ್ಸಿಸ್ಟರ್ ಬಂದದ್ದು ವಾರ್ತೆ ಕೇಳಲು; ಅದರಲ್ಲಿ ಕ್ರಿಕೆಟ್ಟಿನ ವೀಕ್ಷಕ ವಿವರಣೆಯೂ ಬರುತ್ತಿದ್ದುದು ಅದರ ತಪ್ಪಲ್ಲ. ಟೆಲಿವಿಷನ್ ಬಂದದ್ದು ಜ್ಞಾನಾರ್ಜನೆಗೆ. ಅರಸೀಕೆರೆಯಲ್ಲಿ ನಾನು ಹುಡುಗನಾಗಿದ್ದಾಗ ಒಂದು ಕೇರಂ ಬೋರ್ಡಿಗಾಗಿ ನಮ್ಮ ತಂದೆಯವರನ್ನು ಕಾಡಿದ್ದೆ. ಅವರು ಒಂದು ವಾರ ಯೋಚಿಸಿ, ಒಂದು ಜಾಮಿಟ್ರಿ ಪೆಟ್ಟಿಗೆ ತಂದುಕೊಟ್ಟರು. ಪೆಟ್ಟಿಗೆ ಚೆನ್ನಾಗಿಯೇ ಇತ್ತು. ಆದರೆ ಕೈವಾರದಿಂದ ಎಷ್ಟು ವೃತ್ತ ಎಳೆದರೂ ಅದು ಕೇರಂ ಕಾಯಿ ಆಗಲಿಲ್ಲ.

ಇಷ್ಟು ತಿಳಿದಿದ್ದ ನಾನು ನನ್ನ ಮಗನಿಗೂ ಅದನ್ನೇ ಮಾಡಿದೆ. 2014ರಲ್ಲಿ ಅವನಿಗೆ ಹದಿನೇಳು. ಲ್ಯಾಪ್‌ಟಾಪು ಬೇಕೆಂದ. ಯಾವುದಕ್ಕೆಂದು ಕೇಳಿದೆ. ಓದುವುದಕ್ಕೆ ಎಂದ. ಅವನು ಹೇಳಿದ್ದು ಸುಳ್ಳೆಂದು ನನಗೆ ಗೊತ್ತಿತ್ತು. ನನಗೆ ಗೊತ್ತೆಂದು ಅವನಿಗೂ ಗೊತ್ತಿತ್ತು. ಆದರೂ ಇಬ್ಬರೂ ಗಂಭೀರವಾಗಿ ಅಂಗಡಿಗೆ ಹೋದೆವು. ನಾನು 'ಓದುವುದಕ್ಕೆ' ಎಂದು ಘಂಟಾಘೋಷವಾಗಿ ಹೇಳಿದೆ. ಅಂಗಡಿಯವರು, ಪಾಪ, ಓದುವುದಕ್ಕೆ ತಕ್ಕದ್ದನ್ನೇ ಕೊಟ್ಟರು. ತೆಳುವಾಗಿ, ಲಕ್ಷಣವಾಗಿ, ಹಗುರವಾಗಿತ್ತು. ಅದರಲ್ಲಿ ಯಾವ ಆಟವೂ ಓಡಲಿಲ್ಲ. ಹುಡುಗ ಎರಡು ದಿನ ಪ್ರಯತ್ನಪಟ್ಟು, ಮೂರನೆಯ ದಿನ ಮುಚ್ಚಿಟ್ಟು, ಬೀದಿಯ ಕೊನೆಯ ಸೈಬರ್ ಸೆಂಟರಿಗೆ ಹೋಗಿ ಗಂಟೆಗಿಷ್ಟು ಎಂದು ಕೊಟ್ಟು ಕೌಂಟರ್ ಸ್ಟ್ರೈಕ್ ಆಡತೊಡಗಿದ. ನಾನು ಅಲ್ಲಿಗೇ ಹೋಗಿ, ಅವನ ಸ್ನೇಹಿತರ ಎದುರಿಗೆ, 'ಮನೆಯಲ್ಲಿ ಅಷ್ಟು ಕೊಟ್ಟು ತಂದದ್ದು ಇದ್ದೂ ಇಲ್ಲಿ ದುಡ್ಡು ಸುಡುತ್ತೀಯಾ?' ಎಂದು ಕೂಗಾಡಿ ಎಳೆದುಕೊಂಡು ಬಂದೆ. ಅವನು ಎದುರಾಡಲಿಲ್ಲ. ಆಮೇಲೆ ಚೆನ್ನಾಗಿ ಓದಿದ. ಈಗ ಪುಣೆಯಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಆದರೆ ಆ ದಿನದ ನಂತರ ನನ್ನನ್ನು ಅವನು ಏನನ್ನೂ ಕೇಳಲಿಲ್ಲ. ಮಗ ಸ್ವಾವಲಂಬಿಯಾದನೆಂದು ನಾನು ಹೆಮ್ಮೆಪಟ್ಟುಕೊಂಡೆ. ಅದು ಹೆಮ್ಮೆಪಡುವ ವಿಷಯವಲ್ಲವೆಂದು ತಿಳಿಯಲು ಹತ್ತು ವರ್ಷ ಹಿಡಿಯಿತು.

ಅದಿರಲಿ. 'ನೋಡೋಣ' ಎಂದ ಮೇಲೆ ನೋಡಬೇಕಲ್ಲ? ನಿವೃತ್ತನಾದವನಿಗೆ ಕಾಲಕ್ಕೆ ಬರವಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಹೇಳಿಸಿಕೊಂಡೆ. ನನ್ನ ಬುದ್ಧಿಗೆ ಬ್ಯಾಂಕಿನ ಉಪಮಾನವಲ್ಲದೆ ಬೇರೆ ಯಾವುದೂ ಹತ್ತುವುದಿಲ್ಲವಾದ್ದರಿಂದ ಅದರಲ್ಲಿಯೇ ಅರ್ಥ ಮಾಡಿಕೊಂಡೆ.

ಯಂತ್ರದೊಳಗೆ ಪ್ರೊಸೆಸರ್ ಎಂಬುದೊಂದಿದೆ. ಅದು ಶಾಖೆಯ ಮ್ಯಾನೇಜರು. ಜಟಿಲವಾದ ಕಡತಗಳನ್ನು ಒಂದಾದ ಮೇಲೊಂದರಂತೆ ಬಹಳ ಚುರುಕಾಗಿ ಇತ್ಯರ್ಥ ಮಾಡುತ್ತದೆ. ಆದರೆ ಆಟದ ಚಿತ್ರಕ್ಕೆ ಬೇಕಾದದ್ದು ಅಂಥ ಪಾಂಡಿತ್ಯವಲ್ಲ. ಪರದೆಯ ಮೇಲೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು, ಗುಣಿಸಿದರೆ 20,73,600. ಚಿತ್ರ ಸೊಗಸಾಗಿ ಚಲಿಸಬೇಕಾದರೆ ಸೆಕೆಂಡಿಗೆ ಅರವತ್ತು ಸಲವಾದರೂ ಹೊಸದಾಗಿ ಬರೆಯಬೇಕು. ಎಂದರೆ ಸೆಕೆಂಡೊಂದಕ್ಕೆ 12 ಕೋಟಿ 44 ಲಕ್ಷಕ್ಕೂ ಮಿಕ್ಕಿದ ಚುಕ್ಕೆಗಳಿಗೆ ಬಣ್ಣ ಲೆಕ್ಕ ಹಾಕಬೇಕು. ಒಬ್ಬ ಮ್ಯಾನೇಜರಿಂದ ಆಗುವ ಕೆಲಸವೇ? ಇದಕ್ಕೆ ಬೇಕಾದದ್ದು ಗುಮಾಸ್ತರು. ಸಣ್ಣ ಸಣ್ಣ ಲೆಕ್ಕವನ್ನು ಎಲ್ಲರೂ ಏಕಕಾಲಕ್ಕೆ ಮಾಡುವ ಸಾವಿರಾರು ಗುಮಾಸ್ತರು. ಆ ಗುಮಾಸ್ತರ ಹಜಾರವೇ ಗ್ರಾಫಿಕ್ಸ್ ಕಾರ್ಡು. ನನ್ನ ಮಗಳು ಮನಸ್ಸಿಟ್ಟಿದ್ದ ಆರ್‌ಟಿಎಕ್ಸ್ 4050 ಎಂಬ ಲ್ಯಾಪ್‌ಟಾಪಿನ ಕಾರ್ಡಿನಲ್ಲಿ ಇಂಥವರು 2560 ಮಂದಿ. ಇದನ್ನು ಕೇಳಿದಾಗ ನನಗೆ ಆ ಯಂತ್ರದ ಮೇಲೆ ಮೊಟ್ಟಮೊದಲು ಅಭಿಮಾನ ಹುಟ್ಟಿತು. ಮ್ಯಾನೇಜರಿಗಿಂತ ಗುಮಾಸ್ತರಿಗೆ ಹೆಚ್ಚು ಬೆಲೆ ಕೊಟ್ಟ ಸಂಸ್ಥೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಗುಮಾಸ್ತರಿದ್ದರೆ ಸಾಲದು, ಅವರ ಮುಂದೆ ಮೇಜು ಬೇಕು. ಕಾರ್ಡಿನ ಸ್ವಂತ ಮೆಮೊರಿಯೇ ಆ ಮೇಜು. ಮೇಜು ಚಿಕ್ಕದಾದರೆ ಕಾಗದಗಳನ್ನು ಪದೇ ಪದೇ ಒಳಕೋಣೆಯಿಂದ ತರುತ್ತಿರಬೇಕು, ಆಟ ಮುಗ್ಗರಿಸುತ್ತದೆ. ಇನ್ನೊಂದು ಸಂಗತಿಯನ್ನು ಯಾವ ಜಾಹೀರಾತೂ ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ. ಗುಮಾಸ್ತರಿಗೆ ಊಟ ಹಾಕಬೇಕು. ವಿದ್ಯುತ್ತೇ ಅವರ ಊಟ. ಇದೇ 4050 ಕಾರ್ಡಿಗೆ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಷ್ಟು ಬಡಿಸಬೇಕೆಂಬುದು ಲ್ಯಾಪ್‌ಟಾಪು ತಯಾರಿಸುವವರ ಇಷ್ಟ. ಪೆಟ್ಟಿಗೆಯ ಮೇಲಿನ ಹೆಸರು ಒಂದೇ. ಒಳಗೆ ಒಂದರಲ್ಲಿ ಮದುವೆಯೂಟ, ಇನ್ನೊಂದರಲ್ಲಿ ಏಕಾದಶಿ. ತೆಳ್ಳಗೆ ಕಾಣಬೇಕೆಂದು ಮಾಡಿದವುಗಳಲ್ಲಿ ಸಾಮಾನ್ಯವಾಗಿ ಏಕಾದಶಿಯೇ ಹೆಚ್ಚು, ಏಕೆಂದರೆ ಉಂಡವರ ಶಾಖ ಹೊರಗೆ ಹೋಗಲು ದಪ್ಪ ಫ್ಯಾನು, ಅಗಲವಾದ ಕಿಂಡಿ ಬೇಕು. ಶಾಖ ಹೋಗದಿದ್ದರೆ ಯಂತ್ರವು ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನಿಸುತ್ತದೆ.

ಇನ್ನು ಹಣದ ಮಾತು. ಅವಳ 14,000ಕ್ಕೆ ನಾನು 46,000 ಸೇರಿಸಿದರೆ 60,000. ಆ ದಸರೆಯ ರಿಯಾಯಿತಿಯಲ್ಲಿ ಅಷ್ಟಕ್ಕೆ ಸಿಗುತ್ತಿದ್ದುದು ಆರ್‌ಟಿಎಕ್ಸ್ 3050. ಅದೂ 4 ಗಿಗಾಬೈಟ್ ಮೆಮೊರಿಯದು. 4050ಕ್ಕೆ ಮೇಜು 6 ಗಿಗಾಬೈಟಿನದು; ಬೆಲೆ 70,000ದ ಆಸುಪಾಸು. 'ಇವತ್ತಿಗೆ ನಾಲ್ಕು ಸಾಕಪ್ಪ, ಆದರೆ ಇನ್ನೆರಡು ವರ್ಷಕ್ಕೆ ಸಾಲದು. ಇದು ಮದರ್‌ಬೋರ್ಡಿಗೆ ಬೆಸೆದುಬಿಟ್ಟಿರುತ್ತೆ, ಆಮೇಲೆ ಬದಲಾಯಿಸೋಕೆ ಆಗಲ್ಲ' ಎಂದಳು ಮಗಳು. ಬದಲಾಯಿಸಲು ಆಗದ್ದಕ್ಕೆ ಹಣ ಹಾಕಬೇಕು, ಮುಂದೆ ಸೇರಿಸಬಹುದಾದದ್ದನ್ನು ಮುಂದಕ್ಕೆ ಬಿಡಬೇಕು. ಇದು ಮನೆ ಕಟ್ಟಿದ ಪ್ರತಿಯೊಬ್ಬನಿಗೂ ಗೊತ್ತಿರುವ ತತ್ತ್ವ: ತಳಪಾಯಕ್ಕೆ ಕೈ ಹಿಡಿಯಬಾರದು, ಬಣ್ಣ ಬರುವ ವರ್ಷ ಬಳಿದರೂ ಆಗುತ್ತದೆ. ತತ್ತ್ವವೇನೋ ಸರಿ, ಹತ್ತು ಸಾವಿರಕ್ಕೆ ಏನು ಮಾಡುವುದು? ಎಪ್ಪತ್ತು ಸಾವಿರದಲ್ಲಿ ಶೇಕಡಾ 18ರ ಜಿ.ಎಸ್.ಟಿ.ಯೇ 10,678 ರೂಪಾಯಿ. ಸರ್ಕಾರಕ್ಕೆ ಕೊಡಲು ಇರುವ ಹಣ ಮಗಳಿಗೆ ಕೊಡಲು ಇಲ್ಲವೇ ಎಂದು ನನ್ನ ಪತ್ನಿ ಕೇಳಿದಳು. ನಾನು ಅಂದು ಮಾತಾಡಲಿಲ್ಲ.

ಮಾರನೆಯ ದಿನ ಪುಣೆಯಿಂದ ಮಗನ ಫೋನು ಬಂತು. ತಂಗಿ ಹೇಳಿದ್ದಳೆಂದು ಕಾಣುತ್ತದೆ. "ಅಪ್ಪ, ಹತ್ತು ಸಾವಿರ ಕಳಿಸಿದ್ದೀನಿ" ಎಂದ. ನಾನು ಏನೋ ಹೇಳಲು ಹೊರಟೆ. ಅವನು ತಡೆದು, "ಒಂದೇ ಒಂದು ಮಾತು. ಅಂಗಡಿಯಲ್ಲಿ ಆಟಕ್ಕೆ ಅಂತಲೇ ಹೇಳು. ಓದೋಕೆ ಅಂತ ಹೇಳಿದರೆ ಮತ್ತೆ ಅದನ್ನೇ ಕೊಡ್ತಾರೆ" ಎಂದ. ಅವನ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಆದರೆ ಆ 'ಮತ್ತೆ' ಎಂಬ ಶಬ್ದ ರಾತ್ರಿಯೆಲ್ಲ ನನ್ನ ಜೊತೆಗಿತ್ತು.

ಇಷ್ಟಾದರೂ ಹುಟ್ಟುಗುಣ ಸುಲಭಕ್ಕೆ ಹೋಗುವುದೇ? ಅಕ್ಟೋಬರ್ 9ರ ಪತ್ರಿಕೆಯಲ್ಲಿ ಆ ವರ್ಷದ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದ ಸುದ್ದಿ ಬಂದಿತ್ತು. ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಎಂಬ ಇಬ್ಬರಿಗೆ. ಯಂತ್ರಗಳಿಗೆ ಕಲಿಕೆಯನ್ನು ಸಾಧ್ಯವಾಗಿಸಿದ್ದಕ್ಕೆ. ಸುದ್ದಿಯ ಬಾಲ ಹಿಡಿದು ಓದುತ್ತ ಹೋದಾಗ ಒಂದು ನಿಧಿಯೇ ಸಿಕ್ಕಿತು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಈ ಹಿಂಟನ್ ಮತ್ತು ಅವರ ಇಬ್ಬರು ಶಿಷ್ಯರು ಚಿತ್ರಗಳನ್ನು ಗುರುತಿಸಲು ಯಂತ್ರಕ್ಕೆ ಕಲಿಸಿ ಲೋಕವನ್ನು ಬೆರಗುಗೊಳಿಸಿದರಲ್ಲ, ಅವರು ಬಳಸಿದ್ದು ಎರಡು ಗ್ರಾಫಿಕ್ಸ್ ಕಾರ್ಡುಗಳನ್ನು. ಜಿಟಿಎಕ್ಸ್ 580 ಎಂಬ, ಆಟವಾಡುವವರಿಗೆಂದೇ ಮಾರುತ್ತಿದ್ದ ಕಾರ್ಡುಗಳನ್ನು! ಲೋಕದ ಹುಡುಗರು ಆಟಕ್ಕೆಂದು ವರ್ಷಗಟ್ಟಲೆ ಹಣ ಸುರಿದದ್ದರಿಂದ ಬೆಳೆದ ಗುಮಾಸ್ತರು ಕೊನೆಗೆ ವಿದ್ವಾಂಸರ ಕೈಗೆ ಒದಗಿಬಂದಿದ್ದರು.

ನನಗಾದ ಆನಂದ ಅಷ್ಟಿಷ್ಟಲ್ಲ. ಪತ್ನಿಗೆ ಹೇಳಿದೆ, ನೆರೆಯವರಿಗೆ ಹೇಳಿದೆ, ಭಾವಮೈದುನನಿಗೆ ಫೋನು ಮಾಡಿ ಹೇಳಿದೆ: 'ನಾವು ತರುತ್ತಿರುವುದು ಆಟದ ಸಾಮಾನಲ್ಲ, ನೊಬೆಲ್ ಪಾರಿತೋಷಕದ ಸಾಮಾನು.' ಮಗಳು ಎಲ್ಲವನ್ನೂ ಕೇಳಿಸಿಕೊಂಡು ಏನೂ ಹೇಳಲಿಲ್ಲ.

ಮಾರನೆಯ ದಿನ ನಾವಿಬ್ಬರೂ ರಾಜಾಜಿನಗರದಿಂದ ಮೆಟ್ರೋ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದು ಸದರ್ ಪತ್ರಪ್ಪ ರಸ್ತೆಗೆ ನಡೆದೆವು. ಎಸ್.ಪಿ. ರೋಡ್ ಎಂದರೆ ಬೆಂಗಳೂರಿನಲ್ಲಿ ಗೊತ್ತಿಲ್ಲದವರಿಲ್ಲ. ವೈರು, ಸ್ವಿಚ್ಚು, ಸ್ಕ್ರೂ, ಮೋಟಾರು, ಕಂಪ್ಯೂಟರು, ಎಲ್ಲವೂ ಒಂದರ ಹೆಗಲ ಮೇಲೊಂದು ಕುಳಿತಿರುವ ಬೀದಿ. ಆಯುಧಪೂಜೆಯ ಹಿಂದಿನ ದಿನ. ಬೂದುಗುಂಬಳ, ಬಾಳೆಕಂದು, ಚೆಂಡುಹೂಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕಾಯಿತು.

ಒಂದು ಅಂಗಡಿಯ ಮೆಟ್ಟಿಲು ಹತ್ತಿದೆವು. ಸಮಾಧಾನದ ಮುಖದ ಯುವಕನೊಬ್ಬ ಕುರ್ಚಿ ತೋರಿಸಿ, ಕೇಳಬೇಕಾದದ್ದನ್ನೇ ಕೇಳಿದ: "ಯಾವುದಕ್ಕೆ ಬೇಕು, ಸಾರ್?"

ನನ್ನ ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು. "ವಿದ್ಯಾಭ್ಯಾಸಕ್ಕೆ. ಅಂದರೆ, ಕೃತಕ ಬುದ್ಧಿಮತ್ತೆ ಅಂತ ಇದೆಯಲ್ಲ..."

ಯುವಕನ ಕೈ ಆಗಲೇ ಮೇಲಿನ ಕಪಾಟಿನ ಕಡೆಗೆ ಹೋಗಿತ್ತು. ಅಲ್ಲಿದ್ದುದು ತೆಳುವಾಗಿ, ಲಕ್ಷಣವಾಗಿ, ಹಗುರವಾಗಿತ್ತು. ನಾನು ಮಗಳ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ತನ್ನ ಚಪ್ಪಲಿಯನ್ನು ನೋಡುತ್ತಿದ್ದಳು. ಹತ್ತು ವರ್ಷದ ಹಿಂದೆ ಸೈಬರ್ ಸೆಂಟರಿನಿಂದ ಬರುವಾಗ ಅವಳ ಅಣ್ಣ ನೋಡುತ್ತಿದ್ದುದೂ ಹಾಗೆಯೇ.

"ಇಲ್ಲಪ್ಪ, ಆಟಕ್ಕೆ" ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ತೋರುತ್ತದೆ. ಪಕ್ಕದ ಗಿರಾಕಿಯೊಬ್ಬರು ತಿರುಗಿ ನೋಡಿದರು. "ಬರೀ ಆಟಕ್ಕೆ. ಎಪ್ಪತ್ತು ಸಾವಿರದೊಳಗೆ."

ಯುವಕ ನಕ್ಕ. ಕೈ ಕೆಳಗಿಳಿಯಿತು. "ಹಾಗಂತ ಹೇಳಿದರೆ ನಮಗೂ ಸುಲಭ, ಸಾರ್" ಎಂದು ಬೇರೆಯೇ ಎರಡನ್ನು ತಂದಿಟ್ಟ.

ಎರಡರಲ್ಲೂ 4050. ಒಂದಕ್ಕೆ ಕೀಲಿಮಣೆಯ ತುಂಬ ಕಾಮನಬಿಲ್ಲಿನ ದೀಪ, ತೆಳು ಮೈ. ವ್ಯಾಟು ಕೇಳಿದರೆ ಐವತ್ತು. ಇನ್ನೊಂದು ಬೂದುಬಣ್ಣದ ಇಟ್ಟಿಗೆ. ತೂಕ ಎರಡೂವರೆ ಕಿಲೋ, ಚಾರ್ಜರೇ ಇನ್ನರ್ಧ ಕಿಲೋ, ವ್ಯಾಟು ತೊಂಬತ್ತೈದು. ಬೆಲೆ 69,500. ಪರದೆ ಸೆಕೆಂಡಿಗೆ 144 ಸಲ ಹೊಸದಾಗುತ್ತದೆ, ಆದರೆ ಬಣ್ಣ ಸ್ವಲ್ಪ ಪೇಲವ. ಚಾರ್ಜರಿಲ್ಲದೆ ಆಡಿದರೆ ಒಂದು ಗಂಟೆ. ಅದೂ ಪೂರ್ತಿ ಶಕ್ತಿಯಿಂದಲ್ಲ. ರ್‍ಯಾಮ್ 8 ಗಿಗಾಬೈಟಿನ ಒಂದೇ ಪಟ್ಟಿ. ಪಕ್ಕದ ಸ್ಲಾಟು ಖಾಲಿ. ಅಲ್ಲಿ ಅಂಥದೇ ಇನ್ನೊಂದು ಕೂತರೆ ಮೆಮೊರಿ ಇಮ್ಮಡಿಯಾಗುವುದಲ್ಲದೆ, ಮಾಹಿತಿ ಒಂದು ದಾರಿಯ ಬದಲು ಎರಡು ದಾರಿಯಲ್ಲಿ ಹರಿಯುತ್ತದಂತೆ. ಅದಕ್ಕೆ ಇನ್ನೆರಡು ಸಾವಿರ ಚಿಲ್ಲರೆ. ನಾನು ಮಗಳ ಕಡೆ ನೋಡಿದೆ. "ಯುಗಾದಿಗೆ ಹಾಕಿಸೋಣ, ಅಪ್ಪ. ಖಾಲಿ ಜಾಗ ಎಲ್ಲಿಗೂ ಹೋಗಲ್ಲ" ಎಂದು ಇಟ್ಟಿಗೆಯ ಮೇಲೆ ಕೈಯಿಟ್ಟಳು. ಮೇಜು ಉಳಿಸಿಕೊಂಡು, ಊಟ ಉಳಿಸಿಕೊಂಡು, ಬಣ್ಣ, ಬೆಳಕು, ಬ್ಯಾಟರಿಗಳನ್ನು ಬಿಟ್ಟುಕೊಟ್ಟಿದ್ದಳು. ಬೇಕಾದದ್ದೇನೆಂದು ತಿಳಿದವಳಾದ್ದರಿಂದ ಬೇಡದ್ದನ್ನು ಬಿಡುವುದು ಅವಳಿಗೆ ಕಷ್ಟವಾಗಲಿಲ್ಲ. ಇರುವ ಹಣ ಕಡಿಮೆಯಾದಾಗ ಸುಳ್ಳು ಹೇಳುವುದು ಎಷ್ಟು ದುಬಾರಿಯೆಂದು ನಾನು ಆ ಅಂಗಡಿಯಲ್ಲಿ ಕಂಡೆ. ಲಕ್ಷಾಧೀಶನಾದರೆ ಓದಿಗೊಂದು ಆಟಕ್ಕೊಂದು ಕೊಂಡಾನು. ಒಂದನ್ನೇ ಕೊಳ್ಳಬಲ್ಲವನು ನಿಜವನ್ನೇ ಹೇಳಬೇಕು.

ಆಯುಧಪೂಜೆಯ ಬೆಳಗ್ಗೆ ಸಮಸ್ಯೆ ಬಂತು: ಅದನ್ನು ಎಲ್ಲಿಟ್ಟು ಪೂಜೆ ಮಾಡುವುದು? ಪುಸ್ತಕಗಳ ಜೊತೆ ಸರಸ್ವತಿಯ ಮುಂದೋ, ಸ್ಕೂಟರು, ಸುತ್ತಿಗೆ, ಈಳಿಗೆಮಣೆಗಳ ಜೊತೆಯೋ? ನಾನು ಸರಸ್ವತಿಯ ಕಡೆಗೆ ಒಲಿಯುತ್ತಿದ್ದೆ. ಪತ್ನಿ ಬಂದು, ಸುಮ್ಮನೆ ಅದನ್ನು ಎತ್ತಿಕೊಂಡು ಹೋಗಿ ದಸರೆಯ ಗೊಂಬೆಗಳ ಮೆಟ್ಟಿಲಿನ ಮೇಲೆ, ಪಟ್ಟದ ಗೊಂಬೆಗಳ ಕೆಳಗೆ, ಚನ್ನಪಟ್ಟಣದ ಬುಗುರಿಯ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದಳು. "ಆಟದ ಸಾಮಾನು ಆಟದ ಸಾಮಾನಿನ ಜೊತೆ ಇರಲಿ" ಎಂದಳು. ಒಂಬತ್ತು ದಿನ ಆಟಿಕೆಗಳಿಗೆ ಆರತಿ ಎತ್ತುವ ನಾಡಿನಲ್ಲಿ, ಪದಾರ್ಥ ಸಂಗ್ರಹಿಸುವಂತೆ ಚೌಕಾಬಾರದ ಮನೆಗಳನ್ನೂ ಇಸ್ಪೀಟಿನ ಹಾಳೆಗಳನ್ನೂ ಹೊಸ ಹೊಸದಾಗಿ ಕಲ್ಪಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಆಳಿದ ನಾಡಿನಲ್ಲಿ, ಆಟಕ್ಕೆ ಜಾಗವಿಲ್ಲವೆಂದು ನಾನು ಯಾರಿಂದ ಕಲಿತೆನೋ ತಿಳಿಯದು.

ಮಗಳು ಮೊದಲು ಹಾಕಿದ ಆಟ 'ದಿ ವಿಚರ್ 3'. 2015ರಲ್ಲಿ ಪೋಲೆಂಡಿನವರು ಮಾಡಿದ್ದು. ಅವರ ನಾಡಿನ ಲೇಖಕ ಆಂಜೆಯ್ ಸಪ್ಕೋವ್‌ಸ್ಕಿ ಬರೆದ ಕಥೆಗಳ ಲೋಕದಿಂದ ಹುಟ್ಟಿದ್ದು. ಅದಕ್ಕೇ ಐವತ್ತು ಗಿಗಾಬೈಟ್ ಜಾಗ ಬೇಕು. ಫ್ಯಾನಿನ ಸದ್ದು ಮಿಕ್ಸಿಯನ್ನು ನೆನಪಿಸುತ್ತಿತ್ತು. ಗುಮಾಸ್ತರು ಬೆವರು ಸುರಿಸಿ ದುಡಿಯುತ್ತಿದ್ದರು. ಬೆಳ್ಳಿಗೂದಲಿನವನೊಬ್ಬ ಕುದುರೆಯೇರಿ ಯುದ್ಧದಲ್ಲಿ ಬೆಂದುಹೋದ ಹಳ್ಳಿಗಳಲ್ಲಿ ಅಲೆಯುತ್ತಿದ್ದ. "ಇವನು ಯಾರನ್ನು ಹುಡುಕುತ್ತಿದ್ದಾನೆ?" ಎಂದೆ.

"ಮಗಳನ್ನು. ಸಾಕುಮಗಳು" ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಊಟದ ಹೊತ್ತು ಮೀರಿದ್ದು ಇಬ್ಬರಿಗೂ ತಿಳಿಯಲಿಲ್ಲ.

2025ರ ಯುಗಾದಿಗೆ ಮಗ ಪುಣೆಯಿಂದ ಬಂದ. ಚೀಲದಲ್ಲಿ ಸಣ್ಣದೊಂದು ಪೊಟ್ಟಣವಿತ್ತು: 8 ಗಿಗಾಬೈಟಿನ ರ್‍ಯಾಮ್. ಒಬ್ಬಟ್ಟಿನ ಊಟವಾದ ಮೇಲೆ ಅಣ್ಣ ತಂಗಿ ನೆಲದ ಮೇಲೆ ಕುಳಿತು ಇಟ್ಟಿಗೆಯ ತಳ ಬಿಚ್ಚಿದರು. ಸ್ಕ್ರೂಗಳನ್ನು ಹಿಡಿದುಕೊಳ್ಳುವ ಕೆಲಸ ನನ್ನದಾಯಿತು. ಪಟ್ಟಿ ಸ್ಲಾಟಿನಲ್ಲಿ 'ಟಕ್' ಎಂದು ಕುಳಿತಿತು.

"ನಿನಗೂ ಅದು ಆಟಕ್ಕೇ ಬೇಕಾಗಿತ್ತು, ಅಲ್ಲವೇನೋ?" ಎಂದೆ. ಯಾವುದು ಎಂದು ಅವನು ಕೇಳಲಿಲ್ಲ.

"ಹೂಂ, ಅಪ್ಪ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಒಂದು ಸ್ಕ್ರೂ ಕೊಡು" ಎಂದ.

ಹನ್ನೊಂದು ವರ್ಷದ ಮೇಲೆ ಅವನು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಯಾವುದಕ್ಕೆಂದು ಕೇಳದೆ ಕೊಟ್ಟೆ.